ಜಮಖಂಡಿ ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ಬಿ. ಡಿ. ಜತ್ತಿಯವರ ಬದುಕು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಹೇಳಿದಾಗ ಮೊದಲು ನೆನಪಿಗೆ ಬಂದವರು ಜಯದೇವಿತಾಯಿ ಲಿಗಾಡೆಯವರು. ಸೊಲ್ಲಾಪುರದ ಮಗಳಾಗಿ ಹುಟ್ಟಿ, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಏರಿದ ಆ ತಾಯಿಯ ಬಗ್ಗೆ ನಮ್ಮ ಭಾಗದಲ್ಲಿ ಬರೆದವರು ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡ ಹೆಸರು ಬೇರೆ. ಅದಕ್ಕೆ ಕಾರಣವೂ ಉಂಟು.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಪಾಲಕರೊಬ್ಬರು ಮಗನ ದಾಖಲೆಯನ್ನು ಬಿಡಿಸಿಕೊಳ್ಳಲು ನನ್ನ ಕೋಣೆಗೆ ಬಂದರು. ಸಜ್ಜನರು, ನಮ್ಮ ಶಾಲೆಯಲ್ಲಿಯೇ ಕಲಿತವರು. ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿ ರಾಜ್ಯದಲ್ಲಿ ಬಾಳಿ, ಈ ಹುಡುಗ ಕೊನೆಗೆ ಎಲ್ಲಿಗೆ ಮುಟ್ಟುತ್ತಾನೆ ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ, ನಿಜವಾದ ಚಿಂತೆ ಇತ್ತು. ಆ ದಿನ ನಾನು ತಕ್ಕ ಉತ್ತರವನ್ನು ಕೊಡಲಾಗಲಿಲ್ಲ. ದಾಖಲೆಗೆ ಸಹಿ ಮಾಡಿ ಕೊಟ್ಟೆ. ಸಂಜೆ ಮನೆಗೆ ಹೋದ ಮೇಲೆ ಬಸಪ್ಪ ದಾನಪ್ಪ ಜತ್ತಿಯವರ ನೆನಪಾಯಿತು. ತಡವಾಗಿ ಹೊಳೆದ ಆ ಉತ್ತರವೇ ಈ ಲೇಖನವೆಂದು ಓದುಗರು ತಿಳಿಯಬಹುದು.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ಇಂದು ಅದು ಬಾಗಲಕೋಟ ಜಿಲ್ಲೆಯ ಒಂದು ಊರು. ಆದರೆ ಅಂದಿನ ನಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡದೆ ಅವರ ಬದುಕು ತಿಳಿಯುವುದಿಲ್ಲ. ಆಗ ಸಾವಳಗಿ ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ಅದು ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅದೇ ಪಟವರ್ಧನರ ಮತ್ತೊಂದು ಶಾಖೆ ಸಾಂಗಲಿಯನ್ನು ಆಳುತ್ತಿತ್ತು. ನಮ್ಮ ಮಂಗಳವೇಢೆ ಆ ಸಾಂಗಲಿ ಸಂಸ್ಥಾನದ ತಾಲೂಕಾಗಿತ್ತು. ಅಕ್ಕಲಕೋಟೆಯಲ್ಲಿ ಭೋಸಲೆಯವರ ಸಂಸ್ಥಾನ. ಸೊಲ್ಲಾಪುರ ಮಾತ್ರ ಮುಂಬಯಿ ಇಲಾಖೆಯ ಬ್ರಿಟಿಷ್ ಜಿಲ್ಲೆ. ಅರಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಜತ್ತಿಯವರು ಬೆಳೆದ ಲೋಕವು ನಮ್ಮ ಅಜ್ಜ ಅಜ್ಜಿಯರು ಬೆಳೆದ ಲೋಕವೇ ಆಗಿತ್ತೆಂದರೆ ಅತಿಶಯೋಕ್ತಿಯಲ್ಲ.

ತಂದೆಯವರದು ಸಣ್ಣ ಕಿರಾಣಿ ಅಂಗಡಿ. ಊರಿನಲ್ಲಿ ಗಂಡುಮಕ್ಕಳಿಗೆ ಒಂದು ಪ್ರಾಥಮಿಕ ಶಾಲೆಯಿತ್ತು, ಹೆಣ್ಣುಮಕ್ಕಳಿಗೆ ಇರಲಿಲ್ಲ. ಆದರೂ ಮನೆಯವರು ಹಿರಿಯ ಮಗಳನ್ನು ಗಂಡುಮಕ್ಕಳ ಶಾಲೆಗೇ ಕಳಿಸಿದರು. ನಾಲ್ಕು ವರ್ಷದ ಬಸಪ್ಪ ಅಕ್ಕನ ಬೆನ್ನು ಹತ್ತಿ ಶಾಲೆಗೆ ಹೋದನು. ಹೀಗೆ, ಮುಂದೆ ದೇಶದ ಅತ್ಯುಚ್ಚ ಪೀಠದಲ್ಲಿ ಕುಳಿತವರ ವಿದ್ಯಾಭ್ಯಾಸವು ಹೆಣ್ಣುಮಗಳೊಬ್ಬಳ ಕೈ ಹಿಡಿದುಕೊಂಡು ಆರಂಭವಾಯಿತು. ಶಿಕ್ಷಕಿಯಾಗಿ ಮೂವತ್ತು ವರ್ಷ ಕಳೆದ ನನಗೆ ಅವರ ಜೀವನದ ಬೇರೆಲ್ಲ ಸಂಗತಿಗಳಿಗಿಂತ ಇದು ಹೆಚ್ಚು ಪ್ರಿಯವಾದುದು. ಆ ಅಕ್ಕನನ್ನು ಶಾಲೆಗೆ ಕಳಿಸದೆ ಇದ್ದಿದ್ದರೆ ತಮ್ಮನು ಅಷ್ಟು ಬೇಗ ಶಾಲೆಯ ಮೆಟ್ಟಿಲು ಹತ್ತುತ್ತಿದ್ದನೋ ಇಲ್ಲವೋ.

ಮೆಟ್ರಿಕ್ ಮುಗಿಸಿದ ಮೇಲೆ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜನ್ನು ಸೇರಿ ಪದವೀಧರರಾದರು. ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಕಲಿತರು. ಆ ಕಾಲೇಜು ಈಗ ಶಹಾಜಿ ಲಾ ಕಾಲೇಜೆಂದು ಹೆಸರಾಗಿದೆ; ನಮ್ಮ ಜಿಲ್ಲೆಯ ಹಲವು ವಕೀಲರು ಅಲ್ಲಿಯೇ ಓದಿದವರು. ಕನ್ನಡ ಹಳ್ಳಿಯ ಹುಡುಗನಿಗೆ ಕೊಲ್ಹಾಪುರವೆಂದರೆ ಪೂರ್ತಿ ಮರಾಠಿಯ ವಾತಾವರಣ. ಅಲ್ಲಿ ವರ್ಷಗಟ್ಟಲೆ ಇದ್ದು ಓದಿದವರು ಕನ್ನಡವನ್ನು ಬಿಟ್ಟು ಬರಲಿಲ್ಲ, ಮರಾಠಿಯನ್ನು ದೂರ ಮಾಡಲೂ ಇಲ್ಲ. ಊರಿಗೆ ಮರಳಿ ಜಮಖಂಡಿಯಲ್ಲಿ ವಕೀಲಿಯನ್ನು ಆರಂಭಿಸಿದರು.

ಸಾರ್ವಜನಿಕ ಜೀವನಕ್ಕೆ ಅವರು ಕಾಲಿಟ್ಟದ್ದು 1940ರಲ್ಲಿ, ಜಮಖಂಡಿ ಪುರಸಭೆಯ ಸದಸ್ಯರಾಗಿ. 1945ರಲ್ಲಿ ಅದರ ಅಧ್ಯಕ್ಷರಾದರು. ಸ್ಥಳೀಯ ರಾಜಕಾರಣವೆಂದರೆ ಇಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಒಂದು ಸಣ್ಣ ಪಟ್ಟಣದ ಮುನ್ಸಿಪಾಲ್ಟಿಯಲ್ಲಿ ಕೂಡುವವನಿಗೆ ಕೆಲಸ ಏನು? ಗಟಾರು, ಬೀದಿಯ ದೀಪ, ಕುಡಿಯುವ ನೀರು, ಸಂತೆಯ ಕಟ್ಟೆ, ಮನೆಪಟ್ಟಿ, ಜಕಾತಿ. ತಪ್ಪು ಮಾಡಿದರೆ ಮರುದಿನ ಬೆಳಿಗ್ಗೆ ಬೀದಿಯಲ್ಲಿಯೇ ಜನ ಹಿಡಿದು ನಿಲ್ಲಿಸುತ್ತಾರೆ. ಐದು ರೂಪಾಯಿ ಖರ್ಚಿಗೂ ಠರಾವು ಬೇಕು, ಕಾಗದ ಬೇಕು. ಜತ್ತಿಯವರು ಮುಂದೆ ಏರಿದ ಪ್ರತಿಯೊಂದು ಹುದ್ದೆಯಲ್ಲಿಯೂ ಕಾಣಿಸಿಕೊಂಡ ಸ್ವಭಾವ, ಅಂದರೆ ಅವಸರಪಡದಿರುವುದು, ಕಾಗದವನ್ನು ಪೂರ್ತಿ ಓದುವುದು, ಎದುರಿನವನೊಡನೆ ದನಿ ಎತ್ತರಿಸದಿರುವುದು, ಈ ಪುರಸಭೆಯಲ್ಲಿ ರೂಢವಾದದ್ದೆಂದು ನನ್ನ ತಿಳುವಳಿಕೆ. ಇದೇ ಸ್ವಭಾವವು ಅವರಿಗೆ ಕೀರ್ತಿಯನ್ನೂ ತಂದಿತು, ಟೀಕೆಯನ್ನೂ ತಂದಿತು.

ಪುರಸಭೆಯಿಂದ ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದರು. ಸಂಸ್ಥಾನದ ಸರಕಾರದಲ್ಲಿ ಮಂತ್ರಿಗಳಾದರು. 1948ರಲ್ಲಿ ಮುಖ್ಯಮಂತ್ರಿಗಳೇ, ಹಳೆಯ ಮಾತಿನಲ್ಲಿ ದಿವಾನರೇ ಆದರು. ಆಗ ಅವರಿಗೆ ಮೂವತ್ತಾರು ವರ್ಷವೂ ತುಂಬಿರಲಿಲ್ಲ. ದೇಶ ಸ್ವತಂತ್ರವಾಗಿತ್ತು. ದಖ್ಖಣದ ಕೆಲವು ಸಂಸ್ಥಾನಿಕರು ತಮ್ಮ ತಮ್ಮ ರಾಜ್ಯಗಳನ್ನು ಕೂಡಿಸಿ ಒಂದು ಒಕ್ಕೂಟವನ್ನು ಕಟ್ಟಿಕೊಳ್ಳುವ ಪ್ರಯತ್ನವನ್ನೂ ನಡೆಸಿದ್ದರು. ಅದು ನಿಲ್ಲಲಿಲ್ಲ. ಜಮಖಂಡಿಯ ರಾಜರಾದ ಶಂಕರರಾವ ಪಟವರ್ಧನರು ವಿಲೀನಕ್ಕೆ ಒಪ್ಪಿದರು. ರಾಜರೊಡನೆ ಪತ್ರಕ್ಕೆ ಸಹಿ ಮಾಡುವ ಕರ್ತವ್ಯವು ಕಿರಾಣಿ ಅಂಗಡಿಕಾರನ ಮಗನ ಪಾಲಿಗೆ ಬಂದಿತು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ತಾವು ಕುಳಿತ ದಿವಾನಗಿರಿಯ ಕುರ್ಚಿಯನ್ನು ತಮ್ಮ ಸಹಿಯಿಂದಲೇ ಇಲ್ಲವಾಗಿಸಿ ಜತ್ತಿಯವರು ಮತ್ತೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೊರಟರು.

ಅದೇ ಮಾರ್ಚ್ 8ರಂದು ಅಕ್ಕಲಕೋಟೆ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ಸೇರಿತು. ಈ ದಿನಾಂಕವನ್ನು ನಮ್ಮ ಮಕ್ಕಳು ನೆನಪಿಡಬೇಕು. ಜಮಖಂಡಿಯನ್ನು ವಿಜಾಪುರ ಜಿಲ್ಲೆಗೆ ಹಚ್ಚಿದರು. ಅಕ್ಕಲಕೋಟೆಯನ್ನು ಸೊಲ್ಲಾಪುರ ಜಿಲ್ಲೆಗೆ ಹಚ್ಚಿದರು. ಮಂಗಳವೇಢೆಯೂ ಸೊಲ್ಲಾಪುರ ಜಿಲ್ಲೆಗೇ ಬಂದಿತು. ಆಗ ಅದು ಒಂದೇ ಪ್ರಾಂತದ ಎರಡು ಜಿಲ್ಲೆಗಳ ಮಾತು, ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಎಂಟು ವರ್ಷಗಳಾದ ಮೇಲೆ ಆ ಜಿಲ್ಲೆಯ ಗೆರೆಯೇ ರಾಜ್ಯದ ಗೆರೆಯಾಯಿತು.

ಸುಮಾರು 20 ತಿಂಗಳು ವಕೀಲಿ ಮಾಡಿದ ನಂತರ, ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಜತ್ತಿಯವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಒಂದು ವಾರದೊಳಗೆ ಅವರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಯಾದರು. ಅಂದಿನ ಮುಂಬಯಿ ವಿಧಾನಸಭೆಯನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಗುಜರಾತಿಯವರು, ಮರಾಠಿಯವರು, ಕನ್ನಡದವರು ಒಂದೇ ಸಭೆಯಲ್ಲಿ ಕೂಡುತ್ತಿದ್ದರು. ಅಹಮದಾಬಾದಿನ ಗಿರಣಿ, ಸೊಲ್ಲಾಪುರದ ಗಿರಣಿ, ಕಾರವಾರದ ಕಡಲು ಎಲ್ಲವೂ ಒಂದೇ ಸರಕಾರದ ಲೆಕ್ಕದಲ್ಲಿದ್ದವು. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿಗಳಾದಾಗ ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾದರು. ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಆ ಸ್ಥಾನದಲ್ಲಿದ್ದರು. ನಾಲ್ಕು ವರ್ಷ ಮೊರಾರ್ಜಿಯವರ ಕೈಕೆಳಗೆ ದುಡಿದರೆಂಬ ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1956ರ ನವೆಂಬರ್ 1ರಂದು ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮೈಸೂರು ರಾಜ್ಯವನ್ನು ಸೇರಿದವು. ಜಮಖಂಡಿ ಆ ಕಡೆಗೆ ಹೋಯಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆಗಳು ಮುಂಬಯಿಯಲ್ಲಿಯೇ ಉಳಿದು, 1960ರ ಮೇ 1ರಿಂದ ಮಹಾರಾಷ್ಟ್ರದವಾದವು. ಜತ್ತಿಯವರು ಮೈಸೂರು ವಿಧಾನಸಭೆಯ ಸದಸ್ಯರಾದರು. ಅಲ್ಲಿಯೂ ಅವರದು ಹೊರಗಿನವರ ಸ್ಥಿತಿಯೇ. ಹಳೆಯ ಮೈಸೂರಿನ ರಾಜಕಾರಣಿಗಳಿಗೆ ಮುಂಬಯಿ ಕರ್ನಾಟಕದವರ ನುಡಿ, ಉಡುಗೆ, ಕಾನೂನು ಎಲ್ಲವೂ ಬೇರೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ 1958ರಲ್ಲಿ ಎಸ್. ನಿಜಲಿಂಗಪ್ಪನವರು ಅಧಿಕಾರವನ್ನು ಬಿಟ್ಟಾಗ, ಹಿರಿಯರಾದ ಟಿ. ಸುಬ್ರಹ್ಮಣ್ಯ ಅವರ ಎದುರು ಸ್ಪರ್ಧಿಸಿ ಜತ್ತಿಯವರು ಪಕ್ಷದ ನಾಯಕರಾಗಿ ಆರಿಸಿ ಬಂದು ಮುಖ್ಯಮಂತ್ರಿಗಳಾದರು. 1962ರವರೆಗೆ ಆ ಹುದ್ದೆಯಲ್ಲಿದ್ದರು.

ಅವರ ಆಡಳಿತದ ಕಾಲದಲ್ಲಿ ಆದ ಶಾಸನಗಳಲ್ಲಿ ಮೂರರ ಬಗ್ಗೆ ಹೇಳಬೇಕು. 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಮೊದಲನೆಯದು. ಐದು ಕಡೆಗಳಿಂದ ಬಂದು ಕೂಡಿದ ಹೊಸ ರಾಜ್ಯದಲ್ಲಿ ಹಳ್ಳಿಯ ಆಡಳಿತಕ್ಕೆ ಒಂದೇ ರೀತಿಯ ಚೌಕಟ್ಟನ್ನು ಅದು ಕೊಟ್ಟಿತು. ಪುರಸಭೆಯಿಂದ ಬಂದವರ ಕಾಲದಲ್ಲಿ ಈ ಕಾಯ್ದೆ ಬಂದದ್ದು ಸಹಜವಾಗಿದೆ. ಎರಡನೆಯದು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ. ಅಕ್ಕನ ಜೊತೆಗೆ ಗಂಡುಮಕ್ಕಳ ಶಾಲೆಗೆ ಹೋದವರು ಮುಖ್ಯಮಂತ್ರಿಗಳಾಗಿದ್ದಾಗ ಗಂಡು ಹೆಣ್ಣೆನ್ನದೆ ಮಕ್ಕಳನ್ನು ಶಾಲೆಗೆ ಕಳಿಸುವುದು ತಾಯಿತಂದೆಯರ ಕರ್ತವ್ಯವೆಂದು ಕಾನೂನಾಯಿತು.

ಮೂರನೆಯದು ಭೂಸುಧಾರಣೆ, ಇದು ಹೆಚ್ಚು ತೊಡಕಿನ ವಿಷಯ. ಮುಖ್ಯಮಂತ್ರಿಗಳಾಗುವ ಮೊದಲೇ ಜತ್ತಿಯವರು ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದರು. ಜತ್ತಿ ಸಮಿತಿ ಎಂದೇ ಅದು ಹೆಸರಾಯಿತು. ಹೊಸ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಗೇಣಿ ಕಾನೂನುಗಳಿದ್ದವು. ಮುಂಬಯಿ ಭಾಗದಲ್ಲಿ 1948ರ ಕುಳಕಾಯ್ದೆ ಇತ್ತು. ನಮ್ಮ ಹಿರಿಯರಿಗೆ ಅದರ ಪರಿಚಯ ಚೆನ್ನಾಗಿದೆ. ಇವೆಲ್ಲವನ್ನೂ ಒಂದು ಮಾಡುವ ದಾರಿಯನ್ನು ಸಮಿತಿ ತೋರಿಸಿತು. ಕಂದಾಯ ಮಂತ್ರಿ ಕಡಿದಾಳು ಮಂಜಪ್ಪನವರು ಮಸೂದೆಯನ್ನು ಸಭೆಯಲ್ಲಿ ನಡೆಸಿದರು. 1961ರಲ್ಲಿ ಅದು ಶಾಸನವಾಯಿತು. ಕುಟುಂಬಕ್ಕೆ 27 ಪ್ರಮಾಣಿತ ಎಕರೆಗಳ ಮಿತಿಯನ್ನು ಅದು ಹಾಕಿತು. ಆದರೆ ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಭೂಮಿಯನ್ನು ಮರಳಿ ಪಡೆಯಲು ಎಡೆ ಉಳಿದಿತ್ತು, ವಿನಾಯಿತಿಗಳೂ ಇದ್ದವು. ಬಹಳಷ್ಟು ಗೇಣಿದಾರರಿಗೆ ನಿಜವಾದ ಫಲ ಸಿಕ್ಕಿದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ. ಜತ್ತಿಯವರು ಅಡಿಪಾಯ ಹಾಕಿದರೆಂದು ಹೇಳುವವರೂ, ಧೈರ್ಯ ಸಾಲದಾಯಿತೆಂದು ಹೇಳುವವರೂ ಇದ್ದಾರೆ. ಎರಡರಲ್ಲಿಯೂ ಸತ್ಯವಿದೆ. ಎಲ್ಲರನ್ನೂ ಒಪ್ಪಿಸಿಕೊಂಡು ನಡೆಯುವವರ ಕಾನೂನು ಹೆಚ್ಚಾಗಿ ಹೀಗೆಯೇ ಆಗುತ್ತದೆ.

ಗಡಿಯ ವಿಚಾರವನ್ನು ಬಿಟ್ಟರೆ ನಮ್ಮ ಓದುಗರು ಒಪ್ಪಲಾರರು. 1960ರಲ್ಲಿ ಎರಡೂ ರಾಜ್ಯಗಳ ತಲಾ ಇಬ್ಬರಂತೆ ನಾಲ್ವರ ಸಮಿತಿಯನ್ನು ನೇಮಿಸಿದಾಗ ಆ ಕಡೆ ಜತ್ತಿಯವರು, ಈ ಕಡೆ ಯಶವಂತರಾವ ಚವ್ಹಾಣರು ಮುಖ್ಯಮಂತ್ರಿಗಳಾಗಿದ್ದರು. ಸಮಿತಿ ಒಮ್ಮತಕ್ಕೆ ಬರಲಿಲ್ಲ. ಆಮೇಲೆ ಬಂದ ಮಹಾಜನ ಆಯೋಗವು 1967ರಲ್ಲಿ ಅಕ್ಕಲಕೋಟೆಯ ಬಗ್ಗೆಯೂ ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಮಾನಿಸುವುದು ಶಾಲೆಯ ಸಂಚಿಕೆಯ ಕೆಲಸವಲ್ಲ. ಪುಣೆಯ ಬಾಲಭಾರತಿ ಅಚ್ಚು ಹಾಕಿ ಕಳಿಸಿದ ಕನ್ನಡ ಪಠ್ಯಪುಸ್ತಕವನ್ನು ಹಿಡಿದು ಪಾಠ ಹೇಳುವ ನಮಗೆ ಎರಡೂ ಕಡೆಯ ಅನ್ನದ ಋಣವಿದೆ.

1962ರ ಚುನಾವಣೆಯ ನಂತರ ಮುಖ್ಯಮಂತ್ರಿ ಪದವಿ ಜತ್ತಿಯವರ ಕೈ ತಪ್ಪಿತು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಆ ಸ್ಥಾನದಲ್ಲಿದ್ದು, ಬಳಿಕ ನಿಜಲಿಂಗಪ್ಪನವರು ಮರಳಿ ಬಂದರು. ಒಮ್ಮೆ ಮುಖ್ಯಮಂತ್ರಿಗಳಾಗಿದ್ದ ಜತ್ತಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾಗಿ, ಮುಂದೆ ಆಹಾರ ಮಂತ್ರಿಗಳಾಗಿ ದುಡಿದರು. ಇದನ್ನು ದೌರ್ಬಲ್ಯವೆಂದು ಎಣಿಸಿದವರೂ ಇರಬಹುದು. ಮುಖ್ಯಾಧ್ಯಾಪಕಿಯ ಕುರ್ಚಿಯಿಂದ ಇಳಿದು ಅದೇ ಶಾಲೆಯಲ್ಲಿ ವರ್ಗಶಿಕ್ಷಕಿಯಾಗಿ ಕೂಡಲು ನನಗೆ ಸಾಧ್ಯವಾಗುತ್ತಿತ್ತೇ ಎಂದು ಕೇಳಿಕೊಂಡರೆ, ಉತ್ತರ ಹೇಳಲು ಹಿಂಜರಿಯುತ್ತೇನೆ.

1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾದರು. 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಒರಿಸ್ಸಾದಲ್ಲಿ 1973ರ ಮಾರ್ಚ್‌ನಲ್ಲಿ ನಂದಿನಿ ಸತ್ಪತಿಯವರ ಸರಕಾರ ರಾಜೀನಾಮೆ ಕೊಟ್ಟಾಗ, ಬಹುಮತವಿದೆಯೆಂದು ಮುಂದೆ ಬಂದ ಬಿಜು ಪಟ್ನಾಯಕರ ಗುಂಪಿಗೆ ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಇದು ಅವರ ಜೀವನದಲ್ಲಿ ಸಮರ್ಥಿಸಲು ಕಷ್ಟವಾದ ನಿರ್ಣಯ. ಅವರು ಪಕ್ಷಕ್ಕೆ ನಿಷ್ಠರು. 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಗಳಾಗಿ ಆರಿಸಿ ಬಂದರು. ಮರುವರ್ಷ ತುರ್ತು ಪರಿಸ್ಥಿತಿ ಘೋಷಿತವಾಯಿತು. ಆ ದಿನಗಳಲ್ಲಿ ರಾಜ್ಯಸಭೆಯ ಅಧ್ಯಕ್ಷ ಪೀಠದಲ್ಲಿದ್ದ ಅವರು ಬಹಿರಂಗವಾಗಿ ವಿರೋಧಿಸಿದವರಲ್ಲ. ನಾವು ಗೌರವಿಸುವವರ ಬಗ್ಗೆಯೂ ಇಂಥ ಮಾತನ್ನು ಮುಚ್ಚಿಡಬಾರದು.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು. ಲೋಕಸಭೆಯ ಚುನಾವಣೆ ಎದುರಿಗಿತ್ತು. ಸಂವಿಧಾನದ ಪ್ರಕಾರ ಉಪರಾಷ್ಟ್ರಪತಿಗಳಾದ ಜತ್ತಿಯವರು ಅಂದಿನಿಂದಲೇ ರಾಷ್ಟ್ರಪತಿಗಳ ಕಾರ್ಯಭಾರವನ್ನು ವಹಿಸಿಕೊಂಡರು. ಸಾವಳಗಿಯ ಹುಡುಗ ರಾಷ್ಟ್ರಪತಿ ಭವನದಲ್ಲಿ ಕುಳಿತನು. ಮಾರ್ಚ್‌ನಲ್ಲಿ ಫಲಿತಾಂಶ ಬಂದಿತು; ಇಂದಿರಾ ಗಾಂಧಿಯವರು ಸ್ವತಃ ಸೋತರು, ತುರ್ತು ಪರಿಸ್ಥಿತಿ ಹಿಂತೆಗೆದುಕೊಳ್ಳಲ್ಪಟ್ಟಿತು. ಮಾರ್ಚ್ 24ರಂದು ಹೊಸ ಪ್ರಧಾನಮಂತ್ರಿಗಳಿಗೆ ಜತ್ತಿಯವರು ಪ್ರಮಾಣವಚನ ಬೋಧಿಸಿದರು. ಆ ಪ್ರಧಾನಮಂತ್ರಿ ಮೊರಾರ್ಜಿ ದೇಸಾಯಿಯವರು! ಇಪ್ಪತ್ತೈದು ವರ್ಷಗಳ ಹಿಂದೆ ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಗಳಾಗಿ ದುಡಿದರೋ, ಅವರೇ ಈಗ ಎದುರಿಗೆ ನಿಂತು ಪ್ರಮಾಣ ಮಾಡಿದರು.

ಒಂದು ತಿಂಗಳಲ್ಲಿಯೇ ಇಬ್ಬರ ನಡುವೆ ಕಠಿಣವಾದ ಗಳಿಗೆ ಬಂದಿತು. ಕಾಂಗ್ರೆಸ್ಸು ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರಕಾರ ನಿಶ್ಚಯಿಸಿತು. ಜನರು ಲೋಕಸಭೆಯಲ್ಲಿ ಆ ಪಕ್ಷವನ್ನು ತಿರಸ್ಕರಿಸಿದ ಮೇಲೆ ರಾಜ್ಯಗಳಲ್ಲಿ ಮುಂದುವರಿಯುವ ಹಕ್ಕಿಲ್ಲವೆಂಬುದು ಸರಕಾರದ ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅಲ್ಲಿ ಅವುಗಳ ದಾವೆ ಬಿದ್ದುಹೋಯಿತು. ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿಗೆ ಬಂದಿತು. ಅವರು ತಕ್ಷಣ ಸಹಿ ಹಾಕಲಿಲ್ಲ. ಒಂದು ದಿನ ತಡೆದರು.

ದೇಶವೆಲ್ಲ ಗದ್ದಲವಾಯಿತು. ಹಳೆಯ ಪಕ್ಷಕ್ಕಾಗಿ ಹಟ ಹಿಡಿದರೆಂದು ಹಲವರು ದೂರಿದರು. ಹಾಗೆ ದೂರಲು ಒರಿಸ್ಸಾದ ಹಳೆಯ ನಿರ್ಣಯವು ಅವರಿಗೆ ಆಧಾರವನ್ನೂ ಒದಗಿಸಿತು. ಹಿಂದಿನ ವರ್ಷದ 42ನೆಯ ತಿದ್ದುಪಡಿಯಿಂದಾಗಿ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೆಂದು ಸ್ಪಷ್ಟವಾಗಿ ಬರೆಯಲಾಗಿತ್ತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು. ಆ ಒಂದು ದಿನದ ಬಗ್ಗೆ ನನ್ನ ಅಭಿಪ್ರಾಯ ವರ್ಷಗಳುದ್ದಕ್ಕೂ ಬದಲಾಗುತ್ತ ಬಂದಿದೆ. ಕಾಲೇಜಿನ ದಿನಗಳಲ್ಲಿ ಅದು ಪಕ್ಷಪಾತವೆಂದೇ ನಂಬಿದ್ದೆ. ಈಗ ಅಷ್ಟು ನಿಶ್ಚಿತವಾಗಿ ಹೇಳಲಾರೆ. ಒಂಬತ್ತು ರಾಜ್ಯಗಳ ಆರಿಸಿ ಬಂದ ಸಭೆಗಳನ್ನು ಒಂದೇ ದಿನ ಮುಗಿಸುವ ಕಾಗದದ ಮೇಲೆ ಸಹಿ ಹಾಕುವಾಗ, ಒಂದು ಪಟ್ಟಣದ ಠರಾವನ್ನೂ ಓದದೆ ಸಹಿ ಮಾಡದವರು ಒಂದು ರಾತ್ರಿ ಯೋಚಿಸಿದ್ದರೆ ಅದು ದೊಡ್ಡ ಅಪರಾಧವೇ? 1978ರ 44ನೆಯ ತಿದ್ದುಪಡಿಯು, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. ಪೌರನೀತಿಯ ತಾಸಿನಲ್ಲಿ ಹತ್ತನೆಯ ವರ್ಗದವರಿಗೆ ಇದನ್ನು ವಾದಕ್ಕೆ ಕೊಡುತ್ತೇನೆ. ಪ್ರತಿ ವರ್ಷವೂ ವರ್ಗ ಎರಡಾಗಿ ಒಡೆಯುತ್ತದೆ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯ ಕುರ್ಚಿಗೆ ಮರಳಿ, 1979ರ ಆಗಸ್ಟ್‌ನಲ್ಲಿ ಅವಧಿ ಮುಗಿಸಿ ಬೆಂಗಳೂರಿಗೆ ಬಂದರು.

ಅಲ್ಲಿ ಅವರಿಗೆ ಕೆಲಸ ಕಾದಿತ್ತು. ಮಂತ್ರಿಗಳಾಗಿದ್ದಾಗಲೇ, 1964ರಲ್ಲಿ, ಬಸವ ಸಮಿತಿಯನ್ನು ಸ್ಥಾಪಿಸಿದ್ದರು. ವಚನಗಳನ್ನು ಕನ್ನಡದ ಗಡಿಯಾಚೆಗೆ ಮುಟ್ಟಿಸುವುದು ಅದರ ಮುಖ್ಯ ಉದ್ದೇಶವಾಗಿತ್ತು. ರಾಜಕೀಯದ ಮಾತುಗಳೆಲ್ಲ ಹಿಂದೆ ಬಿದ್ದವು. ಕಡೆಯವರೆಗೂ ಕೈಬಿಡದೆ ಹಿಡಿದದ್ದು ಇದೊಂದನ್ನೇ. 2002ರ ಜೂನ್ 7ರಂದು, 89ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಶಾಲೆ ಆರಂಭವಾಗುವ ದಿನಗಳವು.

ಅವರು ತೀರಿಕೊಂಡ ನಂತರ ಸಮಿತಿಯು ಆಯ್ದ ವಚನಗಳನ್ನು ದೇಶದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿತು. ಅವುಗಳಲ್ಲಿ ಮರಾಠಿಯೂ ಒಂದು. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆಯಲು ಕುಳಿತದ್ದು ನಮ್ಮ ಮಂಗಳವೇಢೆಯಲ್ಲಿಯೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಊರಿನ ಹುಡುಗನೊಬ್ಬನು ಇಂದು ಬಸವಣ್ಣನವರನ್ನು ಮರಾಠಿಯಲ್ಲಿ ಓದಬೇಕಾದರೂ, ಜಮಖಂಡಿಯ ಪುರಸಭೆಯಿಂದ ಹೊರಟ ಆ ಹಿರಿಯರು ಕಟ್ಟಿದ ಸಂಸ್ಥೆಯ ಪುಸ್ತಕ ಅವನಿಗೆ ಸಿಗುತ್ತದೆ. ದಾಖಲೆ ಬಿಡಿಸಿಕೊಂಡು ಹೋದ ಆ ಪಾಲಕರಿಗೂ ಈ ಸಂಚಿಕೆಯ ಒಂದು ಪ್ರತಿಯನ್ನು ಕಳಿಸಿಕೊಡಬೇಕೆಂದು ಕಚೇರಿಯಲ್ಲಿ ಹೇಳಿಟ್ಟಿದ್ದೇನೆ.